ಒಂದೇ ಬೆವರು, ಎರಡು ಅರ್ಥ: ಕೊರಿಯಾದ ದೇಹಪ್ರಕೃತಿ ವೈದ್ಯ

ಕೊರಿಯಾದ ಸಾಸಾಂಗ್ ಪದ್ಧತಿಯ ವೈದ್ಯರು ರೋಗ ಯಾವುದೆಂದು ಕೇಳುವ ಮೊದಲು ರೋಗಿ ಯಾವ ಪ್ರಕೃತಿಯವನೆಂದು ನೋಡುತ್ತಾರೆ. ಮೈಕಟ್ಟು, ಮುಖ, ಚರ್ಮ, ದನಿ, ಸ್ವಭಾವಗಳನ್ನು ಗಮನಿಸಿ, ಹಸಿವು, ಮಲಮೂತ್ರ, ಬೆವರಿನ ಬಗ್ಗೆ ವಿಚಾರಿಸುತ್ತಾರೆ. ದಪ್ಪ ಸೊಂಟದ, ಭಾರಿ ಮೈಯ ‘ತೇಯುಮ್’ ವ್ಯಕ್ತಿಗೆ ಧಾರಾಳವಾಗಿ ಬೆವರು ಬಂದರೆ ಆತ ಚೆನ್ನಾಗಿದ್ದಾನೆ ಎಂದರ್ಥ. ಸಣಕಲು ಮೈಯ, ಮಂದ ಜೀರ್ಣಶಕ್ತಿಯ ‘ಸೋಯುಮ್’ ವ್ಯಕ್ತಿ ಅಷ್ಟೇ ಬೆವರಿದರೆ ಅದು ಅಪಾಯದ ಸೂಚನೆ. ಅವನಿಗೆ ಉಂಡದ್ದು ಅರಗುವುದೇ ಆರೋಗ್ಯದ ಗುರುತು. ಆಳು ನೋಡಿ ಲಕ್ಷಣಕ್ಕೆ ಅರ್ಥ ಹೇಳುವ ಈ ಕ್ರಮದಲ್ಲಿ ವಿವೇಕವಿದೆ. ಆ ವಿವೇಕವನ್ನು ಹುಟ್ಟಿನಿಂದ ಸಾವಿನವರೆಗೆ ಬದಲಾಗದ ನಾಲ್ಕೇ ಗುಂಪುಗಳಿಗೆ ಕಟ್ಟಿಹಾಕಿದ್ದು ಮಾತ್ರ ಒಪ್ಪುವಂಥದ್ದಲ್ಲ.

ಈ ಪದ್ಧತಿಯನ್ನು ರೂಪಿಸಿದಾತ ಯಿ ಜೆಮಾ, ಈಗ ಉತ್ತರ ಕೊರಿಯಾದಲ್ಲಿರುವ ಹಮ್‌ಹಂಗ್‌ನವನು. 1894ರಲ್ಲಿ ಬರೆದ ‘ದೊಂಗುಯಿ ಸುಸೆ ಬೊವೊನ್’ ಗ್ರಂಥ ಅಚ್ಚಾದದ್ದು ಆತ ತೀರಿಕೊಂಡ ಮರುವರ್ಷ, 1901ರಲ್ಲಿ. ಅದರ ಪ್ರಕಾರ ನಾಲ್ಕು ಗುಂಪುಗಳು ಇವು: ಶ್ವಾಸಕೋಶ ಬಲವಾಗಿ ಯಕೃತ್ತು ದುರ್ಬಲವಾದರೆ ತೇಯಾಂಗ್, ಅದರ ತಿರುಗುಮುರುಗು ತೇಯುಮ್. ಪ್ಲೀಹ ಬಲವಾಗಿ ಮೂತ್ರಪಿಂಡ ದುರ್ಬಲವಾದರೆ ಸೋಯಾಂಗ್, ಅದರ ತಿರುಗುಮುರುಗು ಸೋಯುಮ್. ಹತ್ತು ಸಾವಿರ ಜನರ ಸೀಮೆಯಲ್ಲಿ ಸುಮಾರು 5,000 ತೇಯುಮ್, 3,000 ಸೋಯಾಂಗ್, 2,000 ಸೋಯುಮ್ ಮಂದಿ ಇರುತ್ತಾರೆ, ತೇಯಾಂಗ್ ಹತ್ತು ಜನ ಸಿಕ್ಕರೆ ಹೆಚ್ಚು ಎಂದು ಆತನ ಅಂದಾಜು. ತನ್ನನ್ನು ಸೇರಿಸಿಕೊಂಡದ್ದು ಆ ಬೆರಳೆಣಿಕೆಯ ಗುಂಪಿಗೇ! ಔಷಧಿಯಲ್ಲೂ ಪಾಲಾಗಿದೆ: ಕೊರಿಯನ್ನರ ಹೆಮ್ಮೆಯ ಜಿನ್ಸೆಂಗ್ ಬೇರು ಸೋಯುಮ್ ಮಂದಿಗೆ ಹಿತ, ಉಷ್ಣ ಹೆಚ್ಚಿರುವ ಸೋಯಾಂಗ್ ಮಂದಿಗೆ ಆಗಿಬರುವುದಿಲ್ಲ.

ತೊಡಕಿರುವುದು ಪ್ರಕೃತಿಯನ್ನು ಗುರುತಿಸುವಲ್ಲಿ. ಅನುಮಾನ ಬಂದಾಗ ವೈದ್ಯರು ಔಷಧಿ ಕೊಟ್ಟು ನೋಡುತ್ತಾರೆ. ಗುಣವಾದರೆ ಪ್ರಕೃತಿ ಖಚಿತ, ಇಲ್ಲದಿದ್ದರೆ ಬೇರೆ ಗುಂಪು. ಹೀಗಾದರೆ ತಪ್ಪೆಲ್ಲ ವೈದ್ಯರ ಊಹೆಯದು, ಸಿದ್ಧಾಂತ ಸೋಲುವುದೇ ಇಲ್ಲ. ಒಬ್ಬನನ್ನೇ ಇಬ್ಬರು ವೈದ್ಯರು ಬೇರೆ ಬೇರೆ ಗುಂಪಿಗೆ ಹಾಕುವುದುಂಟು. ಅದಕ್ಕೇ ಪ್ರಶ್ನಾವಳಿಗಳು ಬಂದವು, ಮುಖ, ಮೈ, ದನಿಗಳನ್ನು ಅಳೆಯುವ ಕಂಪ್ಯೂಟರ್ ಸಾಧನಗಳೂ ಬಂದವು. ಆದರೆ ಆ ಸಾಧನಗಳಿಗೆ ಪಾಠ ಹೇಳಿದ್ದು ವೈದ್ಯರ ಹಳೆಯ ತೀರ್ಮಾನಗಳೇ. ತೇಯುಮ್ ಮಂದಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೆಚ್ಚೆಂದು ಕೊರಿಯಾದ ಅಧ್ಯಯನಗಳು ತೋರಿಸಿವೆಯಲ್ಲ ಎಂದು ಕೇಳಬಹುದು. ನಿಜ; ತೂಕದ ಪಾಲನ್ನು ಕಳೆದ ಮೇಲೂ ನಂಟು ಉಳಿಯುತ್ತದೆಂದು ಕೆಲವು ಹೇಳುತ್ತವೆ. ಆದರೂ ದಪ್ಪ ಸೊಂಟ ನೋಡಿ ಗುಂಪು ಮಾಡಿ, ಆ ಗುಂಪಿಗೆ ದಪ್ಪ ಸೊಂಟದವರ ಕಾಯಿಲೆಗಳು ಹೆಚ್ಚೆಂದರೆ ಅದರಲ್ಲಿ ಹೊಸತೇನು? ಟೇಪು ಹಿಡಿದ ನರ್ಸ್ ಕೂಡ ಬಹುಪಾಲು ಅಷ್ಟು ಹೇಳಬಲ್ಲರು. ನಮ್ಮ ಆಯುರ್ವೇದದ ಪ್ರಕೃತಿಯೂ ಹುಟ್ಟಿನಿಂದ ಬಂದದ್ದೇ, ಆದರೆ ಅಲ್ಲಿ ವಾತಪಿತ್ತ, ಪಿತ್ತಕಫವೆಂಬ ಬೆರಕೆಗೆ ಜಾಗವಿದೆ. ಯಿ ಜೆಮಾನ ಲೆಕ್ಕದಲ್ಲಿ ಅದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿಯಲ್ಲಿ ಈ ಪ್ರಕೃತಿಗಳಿಗೆ ಸಂಕೇತ ಸಿಕ್ಕಿದೆಯೆಂದು ಮುಂದಿಡುವವರಿದ್ದಾರೆ. ಅದು ದಾಖಲಾತಿಯ ಅನುಕೂಲಕ್ಕೆ, ಬೇಕಾದ ದೇಶ ಬಳಸಬಹುದು. ಚಿಕಿತ್ಸೆ ಫಲಿಸುತ್ತದೆಂಬ ಮುದ್ರೆಯಲ್ಲ. ಸೋಲ್‌ನ ಚಿಕಿತ್ಸಾಲಯದಲ್ಲಿ ನಿಮ್ಮನ್ನು ಸೋಯುಮ್ ಎಂದರೆ ಬಿಸಿಬಿಸಿ ಊಟದ ಸಲಹೆ ಪಾಲಿಸಿ, ತೊಂದರೆಯಿಲ್ಲ. ಬಿ.ಪಿ. ಮಾತ್ರೆ ನಿಲ್ಲಿಸಿ ಎಂದರೆ ಎದ್ದು ಬನ್ನಿ.