ಬೆಟ್ಟದ ಹೆಸರು, ತೋಟದ ಸರಕು: ನಂದಿ ತಪ್ಪಲಿನ ದ್ರಾಕ್ಷಾರಸ ಪ್ರವಾಸ

ಪ್ರವಾಸೋದ್ಯಮವೆಂದೊಡನೆ ವಸತಿಗೃಹ, ವಾಹನ ಮತ್ತು ಮಾರ್ಗದರ್ಶಕರ ಮಾತು ಬರುತ್ತದೆ. ಆದರೆ ಬಂದ ಪ್ರವಾಸಿಯು ಆ ಊರಿನ ಮಣ್ಣಿನಲ್ಲಿ ಬೆಳೆದುದನ್ನು ಕೊಂಡೊಯ್ಯುವಂತೆ ಮಾಡುವ ವಿಚಾರವು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬೆಟ್ಟ, ಇತಿಹಾಸ ಮತ್ತು ಬೆಳೆ ಈ ಮೂರನ್ನೂ ಒಂದೇ ವ್ಯಾಪಾರದಲ್ಲಿ ಜೋಡಿಸಿದ ಎರಡು ಸ್ಥಳಗಳಿವೆ. ಒಂದು ಇಟಲಿಯ ಕಡಲತೀರದಲ್ಲಿದೆ, ಇನ್ನೊಂದು ಕರ್ನಾಟಕದಲ್ಲಿಯೇ ಇದೆ. ಗೊಮ್ಮಟ ಬೆಟ್ಟವನ್ನು ಪಕ್ಕದಲ್ಲಿಯೇ ಹೊಂದಿರುವ ಕಾರ್ಕಳ, ಕುಕ್ಕುಂದೂರು ಪರಿಸರದ ವರ್ತಕರಿಗೆ ಇವೆರಡೂ ಪರಿಶೀಲನೆಗೆ ಯೋಗ್ಯವಾಗಿವೆ.

ಕಡಲ ಮೇಲಿನ ಕೊರ್ನೀಲಿಯಾ

ಇಟಲಿಯ ವಾಯವ್ಯ ಕರಾವಳಿಯಲ್ಲಿ ‘ಚಿಂಕ್ವೆ ತೆರ್ರೆ’ ಎಂಬ ಐದು ಹಳ್ಳಿಗಳ ಸಾಲಿದೆ. ನಾಲ್ಕು ಹಳ್ಳಿಗಳು ಕಡಲಿಗೆ ತಾಗಿಕೊಂಡಿದ್ದರೆ, ಕೊರ್ನೀಲಿಯಾ ಮಾತ್ರ ಸುಮಾರು 100 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿದೆ. ರೈಲು ನಿಲ್ದಾಣದಿಂದ ಊರಿಗೆ ಹತ್ತಲು 382 ಮೆಟ್ಟಿಲುಗಳಿವೆ. ಗುಡ್ಡದ ಓರೆಯಲ್ಲಿ ಗಾರೆ ಹಾಕದೆ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು, ಅವುಗಳ ಹಿಂದೆ ಅಂಗೈಯಗಲದ ದ್ರಾಕ್ಷಿ ತೋಟಗಳು. ಕೊಯ್ದ ಹಣ್ಣನ್ನು ಇಳಿಜಾರಿನಲ್ಲಿ ಸಾಗಿಸಲು ಒಂಟಿ ಹಳಿಯ ಪುಟ್ಟ ಬಂಡಿಗಳಿವೆ. ಯಂತ್ರ ಇಳಿಯದ ಈ ನೆಲದಲ್ಲಿ ಉತ್ಪಾದನಾ ವೆಚ್ಚ ಅಧಿಕ. ಆದುದರಿಂದ ಅಲ್ಲಿಯವರು ಪ್ರಮಾಣದಲ್ಲಿ ಸ್ಪರ್ಧಿಸದೆ ಹೆಸರನ್ನು ಆಶ್ರಯಿಸಿದರು. ದ್ರಾಕ್ಷಿಯನ್ನು ವಾರಗಟ್ಟಲೆ ನೆರಳಿನಲ್ಲಿ ಒಣಗಿಸಿ ಹಿಂಡುವ ‘ಶಕ್ಕೆತ್ರಾ’ ಎಂಬ ಸಿಹಿ ದ್ರಾಕ್ಷಾರಸವು ಅಲ್ಲಿಯ ವಿಶೇಷ. ಅಲ್ಲಿಯ ದ್ರಾಕ್ಷಾರಸಗಳಿಗೆ 1973ರಲ್ಲಿ ಸ್ಥಳನಾಮದ ಕಾನೂನುಬದ್ಧ ಮಾನ್ಯತೆ ದೊರೆಯಿತು. 1997ರಲ್ಲಿ ಇಡೀ ಪ್ರದೇಶವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆದರೆ ಪ್ರವಾಸಿಗರು ಹೆಚ್ಚಿದಂತೆ ಕೋಣೆ ಬಾಡಿಗೆಗೆ ಕೊಡುವುದು ತೋಟದ ದುಡಿಮೆಗಿಂತ ಸುಲಭವೆನಿಸಿತು. ಪಾಳುಬಿದ್ದ ತೋಟಗಳ ಗೋಡೆಗಳು ಕುಸಿಯತೊಡಗಿದವು, ಗೋಡೆ ಹೋದಲ್ಲಿ ಮಣ್ಣು ಜಾರುವ ಭೀತಿ ಬಂತು. ಪ್ರವಾಸಿಯು ನೋಡಲು ಬರುವುದು ಆ ತೋಟಗಳನ್ನೇ ಎಂಬುದನ್ನು ಮನಗಂಡು, ಕಾಲುದಾರಿಗಳ ಪ್ರವೇಶ ಶುಲ್ಕವನ್ನು ಪರಿಸರದ ನಿರ್ವಹಣೆಗೆ ಬಳಸುವ ಏರ್ಪಾಡನ್ನು ಅಲ್ಲಿಯ ರಾಷ್ಟ್ರೀಯ ಉದ್ಯಾನವು ಮಾಡಿಕೊಂಡಿದೆ.

ನಂದಿಯ ಮೇಲೆ, ನಂದಿಯ ಕೆಳಗೆ

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟದ ಎತ್ತರ 1478 ಮೀಟರ್. ಮುಂಜಾನೆಯ ಮಂಜನ್ನು ನೋಡಲು ನಸುಕಿನಲ್ಲಿಯೇ ವಾಹನಗಳ ಸಾಲು ನಿಲ್ಲುತ್ತದೆ. ಟಿಪ್ಪುವಿನ ಕಾಲದ ಕೋಟೆ, ಯೋಗನಂದೀಶ್ವರ ದೇವಾಲಯ, ಕಬ್ಬನ್ ವಾಸವಾಗಿದ್ದ ಬಂಗಲೆ ಬೆಟ್ಟದ ಮೇಲಿವೆ. ಗಾಂಧೀಜಿಯವರು 1936ರಲ್ಲಿ ಇಲ್ಲಿ ವಿಶ್ರಾಂತಿ ಪಡೆದಿದ್ದರು. 1986ರ ಸಾರ್ಕ್ ಶೃಂಗಸಭೆಯ ಸಂದರ್ಭದಲ್ಲಿ ರಾಷ್ಟ್ರನಾಯಕರು ಇಲ್ಲಿ ಸೇರಿದ್ದರು. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಪ್ರಾಚೀನವಾದ ಭೋಗನಂದೀಶ್ವರ ದೇವಾಲಯವಿದೆ.

ಈ ತಪ್ಪಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರ ಸೀಮೆಯು ‘ಬೆಂಗಳೂರು ನೀಲಿ’ ದ್ರಾಕ್ಷಿಗೆ ಹೆಸರಾದುದು. ಬೀಜವುಳ್ಳ, ಗಾಢವರ್ಣದ ಈ ಹಣ್ಣಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ದ್ರಾಕ್ಷಾರಸಕ್ಕೆಂದೇ ಫ್ರೆಂಚ್ ತಳಿಗಳನ್ನು ಇಲ್ಲಿ ನೆಟ್ಟವರಲ್ಲಿ ಕನ್ವಲ್ ಗ್ರೋವರ್ ಪ್ರಮುಖರು. 1988ರಲ್ಲಿ ಸ್ಥಾಪಿತವಾದ ಅವರ ಸಂಸ್ಥೆಯು ಫ್ರಾನ್ಸಿನ ಖ್ಯಾತ ತಜ್ಞ ಮಿಶೆಲ್ ರೋಲಾಂ ಅವರ ಸಲಹೆಯನ್ನು ಪಡೆಯಿತು. 2012ರಲ್ಲಿ ನಾಸಿಕದ ಸಂಸ್ಥೆಯೊಂದರೊಡನೆ ವಿಲೀನಗೊಂಡು ‘ಗ್ರೋವರ್ ಝಾಂಪಾ’ ಎನಿಸಿತು. ಹಗಲಿನ ಬಿಸಿಲು ಮತ್ತು ಇರುಳಿನ ತಂಪು ಹಣ್ಣಿನ ಸಿಹಿ ಹುಳಿಗಳನ್ನು ಹದದಲ್ಲಿ ಇಡುತ್ತವೆ ಎಂಬುದು ಈ ಸ್ಥಳದ ಆಯ್ಕೆಗೆ ಕಾರಣ.

ಮುಂಗಡವಾಗಿ ಕಾಯ್ದಿರಿಸಿ ಬರುವ ಸಂದರ್ಶಕರಿಗೆ ಮೊದಲು ತೋಟ, ಅನಂತರ ಹಣ್ಣು ಹಿಂಡುವ ಯಂತ್ರ, ಹುದುಗಿಸುವ ಉಕ್ಕಿನ ತೊಟ್ಟಿಗಳು ಮತ್ತು ಓಕ್ ಮರದ ಪೀಪಾಯಿಗಳಿರುವ ತಂಪು ಕೊಠಡಿಯನ್ನು ತೋರಿಸಲಾಗುತ್ತದೆ. ಕೊನೆಯಲ್ಲಿ ರುಚಿ ನೋಡುವ ಮೇಜು, ಅದರಾಚೆ ಮಾರಾಟದ ಕಪಾಟು. ಈ ಕ್ರಮವು ಆಕಸ್ಮಿಕವಲ್ಲ. ತಯಾರಿಕೆಯ ಶ್ರಮವನ್ನು ಕಣ್ಣಾರೆ ಕಂಡವನು ಬೆಲೆಯ ವಿಷಯದಲ್ಲಿ ಚೌಕಾಸಿ ಮಾಡುವುದು ಕಡಿಮೆ.

ಒಂದೇ ಮಣ್ಣಿನ ಎರಡು ಹಣ್ಣುಗಳ ಗತಿಯನ್ನು ವರ್ತಕರು ಇಲ್ಲಿ ಹೋಲಿಸಬಹುದು. ಪೆಟ್ಟಿಗೆಯಲ್ಲಿ ಮಾರುಕಟ್ಟೆಗೆ ಹೋದ ದ್ರಾಕ್ಷಿಯ ದರವನ್ನು ಆ ದಿನದ ಆವಕವು ನಿರ್ಧರಿಸುತ್ತದೆ. ಮಳೆ ಬಂದರೆ ದರವೂ ಹಣ್ಣೂ ಎರಡೂ ಕೆಡುತ್ತವೆ. ಸೀಸೆಗೆ ಸೇರಿದ ದ್ರಾಕ್ಷಿಯು ಗಿರಾಕಿಗಾಗಿ ಕಾಯಬಲ್ಲದು. ಇದನ್ನು ಗಮನಿಸಿಯೇ ರಾಜ್ಯ ಸರಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ದ್ರಾಕ್ಷಾರಸ ಮಂಡಳಿಯನ್ನು ರಚಿಸಿತು. ಆದರೆ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದ ಬಳಿಕ ಈ ಸೀಮೆಯ ಜಮೀನಿನ ಬೆಲೆ ಏರಿ, ತೋಟಗಳಿದ್ದಲ್ಲಿ ನಿವೇಶನಗಳು ಎದ್ದಿವೆ. ಕೊರ್ನೀಲಿಯಾದಲ್ಲಿ ಬಾಡಿಗೆ ಕೋಣೆಯು ಒಡ್ಡಿದ ಸವಾಲನ್ನು ಇಲ್ಲಿ ನಿವೇಶನವು ಒಡ್ಡುತ್ತಿದೆ.

ಗೊಮ್ಮಟ ಬೆಟ್ಟದ ಕೆಳಗೆ

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಸುಮಾರು 42 ಅಡಿಯ ಬಾಹುಬಲಿ ಮೂರ್ತಿಯಿದೆ. ಎದುರಿಗೇ 1586ರ ಚತುರ್ಮುಖ ಬಸದಿಯಿದೆ. ಅರಬ್ಬೀ ಸಮುದ್ರವೂ ದೂರವಿಲ್ಲ. ಪ್ರವಾಸಿಯು ಬೆಟ್ಟ ಹತ್ತಿಳಿದು, ಅದೇ ದಿನ ಮೂಡುಬಿದಿರೆಗೋ ಧರ್ಮಸ್ಥಳಕ್ಕೋ ಮುಂದುವರಿಯುತ್ತಾನೆ. ಅವನ ಚೀಲದಲ್ಲಿ ಕಾರ್ಕಳದ ಸರಕು ಇರುವುದು ಅಪರೂಪ.

ಸರಕಿಗೆ ಕೊರತೆಯಿಲ್ಲ. ತಾಲೂಕಿನ ಗೇರುಬೀಜ ಉದ್ಯಮವು ಪ್ರಸಿದ್ಧವೇ ಆಗಿದೆ. ಆದರೆ ಬೀಜದ ತೂಕದ ಐದರಿಂದ ಹತ್ತು ಪಟ್ಟು ತೂಗುವ ಗೇರುಹಣ್ಣು ಬಹುಪಾಲು ಮರದಡಿಯಲ್ಲಿಯೇ ಕೊಳೆಯುತ್ತದೆ. ಗೋವೆಯವರು ಇದೇ ಹಣ್ಣಿನಿಂದ ಇಳಿಸುವ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚ್ಯಂಕವನ್ನು ಪಡೆದರು. ಅದರ ಭಟ್ಟಿಗಳನ್ನು ನೋಡಲು ಪ್ರವಾಸಿಗರು ಹೋಗುತ್ತಾರೆ. ಮದ್ಯದ ತಯಾರಿಕೆಯು ಅಬಕಾರಿ ಪರವಾನಗಿಯ ವಿಷಯ, ಅದರ ದಾರಿಯೇ ಬೇರೆ. ಆದರೆ ರಸ, ಪಾನಕದ ಸಿರಪ್ ಮತ್ತು ಜಾಮ್ ತಯಾರಿಕೆಗೆ ಆ ತೊಡಕಿಲ್ಲ. ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿಯೋ ಪರವಾನಗಿಯೋ ಸಾಕು. ಗಂಟಲು ಕೆರೆಯುವ ಒಗರನ್ನು ಅಕ್ಕಿಗಂಜಿ ಅಥವಾ ಸಾಬೂದಾನಿಯ ಗಂಜಿ ಬೆರೆಸಿ ತೆಗೆಯಬಹುದು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವು ಹಣ್ಣಿನ ಸಂಸ್ಕರಣೆಯ ಬಗ್ಗೆ ಕೆಲಸ ಮಾಡಿದೆ. ಮುಖ್ಯ ಅಡಚಣೆಯೆಂದರೆ ಸಮಯ: ಬಿದ್ದ ಹಣ್ಣು ಒಂದೆರಡು ದಿನಗಳಲ್ಲಿ ಕೆಡುತ್ತದೆ. ತೋಟದಿಂದ ಅಂದೇ ಸಂಗ್ರಹಿಸಿ ಅಂದೇ ಹಿಂಡುವ ಸಣ್ಣ ಘಟಕಗಳು ಕುಕ್ಕುಂದೂರಿನಂತಹ ಗ್ರಾಮಗಳಲ್ಲಿಯೇ ಇರಬೇಕಾಗುತ್ತದೆ, ದೂರದ ಕಾರ್ಖಾನೆಯಿಂದ ಇದು ಸಾಧ್ಯವಿಲ್ಲ.

ಸ್ಥಳದ ಹೆಸರಿನಲ್ಲಿ ಸರಕು ಮಾರುವುದು ಜಿಲ್ಲೆಗೆ ಹೊಸತಲ್ಲ. ಮಟ್ಟು ಗುಳ್ಳ, ಉಡುಪಿ ಮಲ್ಲಿಗೆ ಮತ್ತು ಉಡುಪಿ ಸೀರೆಗಳು ಭೌಗೋಳಿಕ ಸೂಚ್ಯಂಕವನ್ನು ಪಡೆದಿವೆ. ಕಾರ್ಕಳದ ಕುಚ್ಚಲಕ್ಕಿಯು ‘ಕಾರ್ಲ ಕಜೆ’ ಎಂಬ ಹೆಸರಿನಲ್ಲಿ ಪೇಟೆಗೆ ಬಂದಿದೆ. ಕಜೆ ಅಕ್ಕಿ, ಗೇರುಬೀಜ ಮತ್ತು ಗೇರುಹಣ್ಣಿನ ರಸ ಬೆಟ್ಟದ ಬುಡದ ಒಂದೇ ಮಳಿಗೆಯಲ್ಲಿ ದೊರೆಯುವಂತಾದರೆ, ಹತ್ತಿರದಲ್ಲಿಯೇ ಒಂದು ಸಂಸ್ಕರಣಾ ಘಟಕವನ್ನು ಸಂದರ್ಶಕರಿಗೆ ತೆರೆದಿಟ್ಟರೆ, ನಂದಿ ತಪ್ಪಲಿನ ಕ್ರಮವನ್ನು ಇಲ್ಲಿಯೂ ಅಳವಡಿಸಿದಂತಾಗುತ್ತದೆ. ಅದರ ಲಾಭದಲ್ಲಿ ಬೆಳೆಗಾರನಿಗೆ ನ್ಯಾಯವಾದ ಪಾಲು ಸಂದರೆ ಮಾತ್ರ ಗೇರುತೋಪುಗಳು ಉಳಿಯುತ್ತವೆ. ಗೇರುಹಣ್ಣಿನ ಹಂಗಾಮು ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಾತ್ರ. ಆಸಕ್ತ ಉದ್ಯಮಿಗಳು ತರಬೇತಿ, ಯಂತ್ರ ಮತ್ತು ನೋಂದಣಿಯ ಸಿದ್ಧತೆಗಳನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳುವುದು ಅವಶ್ಯ.