ವಿಜಾಪುರ ಮುದಗಲ್ಲುಗಳಲ್ಲಿ ಒಂದು ದಿನ

ಚಳಿಗಾಲ ಬಂದಿತೆಂದರೆ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಶಾಲೆಗಳಿಂದ ವಿಜಾಪುರಕ್ಕೆ ಮಕ್ಕಳ ಪ್ರವಾಸಗಳು ಹೊರಡುವದು ರೂಢಿಯಾಗಿದೆ. 2014ರಿಂದ ಸರಕಾರಿ ದಫ್ತರಗಳಲ್ಲಿ ಆ ಊರು ವಿಜಯಪುರವೆನಿಸಿದ್ದರೂ ನಮ್ಮ ಜನರ ಬಾಯಲ್ಲಿ ಅದಿನ್ನೂ ವಿಜಾಪುರವೇ. ಹೊಳೆಆಲೂರಿನಲ್ಲಿ ರೇಲ್ವೆ ಹತ್ತಿದರೆ ಬಾದಾಮಿ, ಬಾಗಲಕೋಟೆಗಳನ್ನು ದಾಟಿ ಗೋಳಗುಮ್ಮಟದ ಸಮೀಪಕ್ಕೇ ಇಳಿಸುವ ಹಾದಿಯು ಕಳೆದ ಶತಮಾನಕ್ಕೂ ಹಿಂದಿನಿಂದ ಇರುವದರಿಂದ, ಒಮ್ಮೆಯಾದರೂ ಹೋಗಿಬಾರದವರು ನಮ್ಮಲ್ಲಿ ವಿರಳ. ಆದರೆ ಹೋಗಿ ಬಂದವರನ್ನು ಏನು ಕಂಡಿರೆಂದು ಕೇಳಿದರೆ, ಹತ್ತರಲ್ಲಿ ಒಂಬತ್ತು ಮಂದಿ ಗುಮ್ಮಟದಲ್ಲಿ ತಾವು ಕೂಗಿದ್ದನ್ನೂ ಅದು ಏಳು ಸಲ ಮರುಕೂಗಿದ್ದನ್ನೂ ಹೇಳಿ ಸುಮ್ಮನಾಗುವರು. ಮಕ್ಕಳು ಹೀಗೆ ಹೇಳಿದರೆ ಕ್ಷಮ್ಯ. ವಕೀಲರೂ ಕಚೇರಿಯ ಮಹನೀಯರೂ ಹೀಗೆಯೇ ಹೇಳುವದನ್ನು ಕೇಳಿದಾಗ, ದೋಷವು ನೋಡುವವರದಕ್ಕಿಂತ ತೋರಿಸುವವರದು ಎಂದು ನಮಗನಿಸಿತು.

ಈ ವಿಚಾರದಿಂದಲೇ ಈಚೆಗೆ ನಾವು ಹನ್ನೊಂದು ಜನರು ಗಜೇಂದ್ರಗಡದಿಂದ ನಸುಕಿನ ಮೂರು ಗಂಟೆಗೆ ಬಾಡಿಗೆಯ ಮೋಟಾರಿನಲ್ಲಿ ಹೊರಟೆವು. ನಿವೃತ್ತರಾದ ಶಾಲಾಮಾಸ್ತರರೊಬ್ಬರು ಮಾರ್ಗದರ್ಶಕರು. ಅವರು ಹಾಕಿದ ಕಟ್ಟಳೆ ಒಂದೇ: ಈ ದಿನ ಅರಮನೆ, ತೋಫು, ಬುರುಜುಗಳ ಗೊಡವೆಯಿಲ್ಲ, ಜನರು ದೇವರನ್ನು ನೆನೆದ ಮತ್ತು ಇಂದಿಗೂ ನೆನೆಯುವ ಸ್ಥಳಗಳನ್ನಷ್ಟೇ ನೋಡತಕ್ಕದ್ದು. ಮಲಿಕ್-ಎ-ಮೈದಾನ ತೋಫನ್ನು ನೋಡಬೇಕೆಂದು ಬಂದಿದ್ದ ಹಾಯಸ್ಕೂಲಿನ ಇಬ್ಬರು ಹುಡುಗರ ಮುಖ ಸಪ್ಪಗಾಯಿತು.

ಮಾಸ್ತರರು ಮೊದಲು ಕರೆದೊಯ್ದದ್ದು ಅರಕಿಲ್ಲೆಯೊಳಗಿನ ಕರೀಮುದ್ದೀನನ ಮಸೀದಿಗೆ. ಇದು ಆದಿಲಶಾಹಿಗಿಂತಲೂ ಹಿಂದಿನದು, 1320ರ ಕಟ್ಟಡ. ಒಳಗೆ ಕಾಲಿಟ್ಟೊಡನೆಯೇ ಕಂಬಗಳನ್ನು ನೋಡಿ ಹುಡುಗರಲ್ಲೊಬ್ಬನು, "ಸರ, ಇವು ಗುಡಿಯ ಕಂಬಗಳಲ್ಲವೇ?" ಎಂದು ಕೇಳಿದನು. ಇಂಥ ಪ್ರಶ್ನೆ ಬಂದಾಗ ಮಾರ್ಗದರ್ಶಕರು ಸಾಮಾನ್ಯವಾಗಿ ಎರಡು ಬಗೆಯಾಗಿ ನಡೆದುಕೊಳ್ಳುವರು. ಕೆಲವರು ಕೇಳದವರಂತೆ ಮುಂದೆ ನಡೆಯುವರು. ಕೆಲವರು ಧ್ವನಿಯೇರಿಸಿ ಕೇಳುವವರ ರಕ್ತ ಕುದಿಸುವರು. ನಮ್ಮ ಮಾಸ್ತರರು ನಿಂತು, "ಹೌದು, ಗುಡಿಯವೇ. ಚಾಲುಕ್ಯ ಕಾಲದ ಕೆತ್ತನೆ, ಲಕ್ಕುಂಡಿಯಲ್ಲಿ ನೀನು ನೋಡಿದ ಕಂಬಗಳ ಬಳಗ. ಗುಡಿಗಳು ಹೋದವು, ಕಂಬಗಳು ಇಲ್ಲಿಗೆ ಬಂದವು" ಎಂದರು. ಬಳಿಕ ಅಲ್ಲಿಯ ಶಾಸನದ ಸಂಗತಿಯನ್ನು ತಿಳಿಸಿದರು. ಮಲಿಕ್ ಕರೀಮುದ್ದೀನನು ಕಟ್ಟಿಸಿದ ಈ ಮಸೀದಿಯನ್ನು ಕಟ್ಟಿದ ಕುಶಲಕರ್ಮಿಯ ಹೆಸರು ರೇವಯ್ಯ, ಸಾಲೋಟಗಿಯ ಬಡಿಗ. ಇಂಡಿ ತಾಲೂಕಿನ ಆ ಸಾಲೋಟಗಿಯು ರಾಷ್ಟ್ರಕೂಟರ ಕಾಲದಲ್ಲಿ ವಿದ್ಯಾಸ್ಥಾನವಾಗಿದ್ದದ್ದು ವಾಚಕರಿಗೆ ತಿಳಿದೇ ಇರುವದು. ಆ ರೇವಯ್ಯನು ಗುಡಿಯ ಕಂಬಗಳನ್ನು ಮಸೀದಿಯಲ್ಲಿ ನಿಲ್ಲಿಸುವಾಗ ಏನೆಂದುಕೊಂಡನೋ! ಕೂಲಿಗೆ ಮಾಡಿದನೋ, ಅಂಜಿ ಮಾಡಿದನೋ, ಕಲ್ಲಿನ ಮೇಲಿನ ಮೋಹದಿಂದ ಮಾಡಿದನೋ ಶಾಸನವು ಹೇಳುವದಿಲ್ಲ. ಹುಡುಗನು ಬಹಳ ಹೊತ್ತು ಕಂಬದ ಮೇಲೆ ಕೈಯಾಡಿಸುತ್ತ ನಿಂತಿದ್ದನು. ಒಡೆದದ್ದನ್ನು ಮುಚ್ಚಿಟ್ಟಿದ್ದರೆ ಅವನು ಅದನ್ನು ಬೇರೊಬ್ಬರಿಂದ ದ್ವೇಷದೊಡನೆ ಕಲಿಯುತ್ತಿದ್ದನು. ರೇವಯ್ಯನನ್ನು ಮುಚ್ಚಿಟ್ಟಿದ್ದರೆ ಅರ್ಧ ಚರಿತ್ರೆಯನ್ನೇ ಪೂರ್ಣವೆಂದು ತಿಳಿಯುತ್ತಿದ್ದನು.

ಜುಮ್ಮಾ ಮಸೀದಿಯಲ್ಲಿ ಇದೇ ಮಾತು ಇನ್ನಷ್ಟು ಬಿಸಿಯಾಗಿ ಬಂದಿತು. ಒಂದನೆಯ ಅಲೀ ಆದಿಲಶಾಹನು ಇದನ್ನು ಆರಂಭಿಸಿದ್ದು 1565ರ ರಕ್ಕಸಗಿ-ತಂಗಡಗಿ ಯುದ್ಧದ ತರುವಾಯ. ನಮ್ಮೊಡನಿದ್ದ ವಕೀಲರು, "ಹಂಪೆ ಹಾಳಾಯಿತು, ಇದು ಎದ್ದಿತು" ಎಂದು ತುಟಿಯಂಚಿನಲ್ಲಿ ನುಡಿದರು. ಆ ಮಾತಿನಲ್ಲಿ ಸುಳ್ಳಿಲ್ಲ. ಹಂಪೆಯನ್ನು ಕಂಡ ಯಾವ ಕನ್ನಡಿಗನಿಗೂ ಆ ನೋವು ತಪ್ಪಿದ್ದಲ್ಲ. ಮಾಸ್ತರರು ವಾದಿಸಲಿಲ್ಲ. ಮಸೀದಿಗೆ ಇರಬೇಕಾಗಿದ್ದ ಎರಡು ಮಿನಾರುಗಳು ಮೇಲೇಳಲೇ ಇಲ್ಲವೆಂಬುದನ್ನೂ, 1686ರಲ್ಲಿ ಔರಂಗಜೇಬನು ಬಂದು ಆದಿಲಶಾಹಿಯನ್ನೇ ನುಂಗಿದನೆಂಬುದನ್ನೂ ಹೇಳಿ, ನೆಲದ ಮೇಲಿನ ಗೆರೆಗಳನ್ನು ತೋರಿಸಿದರು. ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಮಿಕ್ಕ ಚೌಕಗಳನ್ನು ಅಲ್ಲಿ ಬರೆಯಲಾಗಿದೆ. ಸುಲ್ತಾನನಿಗೂ ಹಮಾಲನಿಗೂ ಚೌಕದ ಅಳತೆ ಒಂದೇ. ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಾಗಿ ಜನರು ಹೌದಿನಲ್ಲಿ ಕೈಕಾಲು ತೊಳೆಯತೊಡಗಿದರು. ನಾವು ಹೊರಡುವ ಸನ್ನಾಹದಲ್ಲಿರಲು ವೃದ್ಧರೊಬ್ಬರು, "ಕೂಡ್ರಿ, ಗದ್ದಲ ಮಾಡದಿದ್ದರಾಯಿತು" ಎಂದು ಅಚ್ಚ ಕನ್ನಡದಲ್ಲಿ ಹೇಳಿ ಒಂದು ಬದಿಗೆ ಸ್ಥಳ ತೋರಿಸಿದರು. ವಕೀಲರೂ ಕುಳಿತರು. 1636ರಲ್ಲಿ ಬಂಗಾರದ ನೀರು ಕೊಡಿಸಿದ ಮಿಹ್ರಾಬನ್ನು ಕಣ್ತುಂಬ ನೋಡಲು ಆ ನಿಶ್ಶಬ್ದದಲ್ಲಿಯೇ ಅನುಕೂಲವಾಯಿತು.

ಗೋಳಗುಮ್ಮಟದ ವಿಷಯವಾಗಿ ಹೆಚ್ಚು ಬರೆಯಬೇಕಾಗಿಲ್ಲ. ಒಳವ್ಯಾಸ ಸುಮಾರು 124 ಅಡಿ. ನಡುವೆ ಒಂದೂ ಕಂಬವಿಲ್ಲ. ಆದರೆ ಅದು 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋರಿಯೆಂಬುದನ್ನೂ, ಅವನೂ ಅವನ ಮನೆಯವರೂ ಕೆಳಗಿನ ನೆಲಮಾಳಿಗೆಯಲ್ಲಿ ಮಲಗಿರುವರೆಂಬುದನ್ನೂ ಮೇಲೆ ಕೂಗುವವರಿಗೆ ಯಾರೂ ಹೇಳುವದಿಲ್ಲ. ನಮ್ಮ ಹಿರಿಯರ ಗದ್ದುಗೆಯ ಮೇಲೆ ಅನ್ಯರು ಬಂದು ಸಿಳ್ಳೆ ಹಾಕಿದರೆ ನಾವು ಸಹಿಸುವೆವೇ? ನಮ್ಮ ಹುಡುಗರು ಅಲ್ಲಿ ಕೂಗಲಿಲ್ಲ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರು. ಆಚೆಯ ಕಡೆಗೆ ಅದೂ ಸ್ಪಷ್ಟವಾಗಿಯೇ ಕೇಳಿಸಿತು.

ಸರಸ್ವತಿಯನ್ನೂ ಗಣಪತಿಯನ್ನೂ ತನ್ನ 'ಕಿತಾಬ್-ಎ-ನೌರಸ್'ದಲ್ಲಿ ಸ್ತುತಿಸಿದ ಎರಡನೆಯ ಇಬ್ರಾಹೀಮನ ರೋಜಾವನ್ನು ಅವಸರದಲ್ಲಿ ನೋಡಿ, ಅಮೀನ ದರ್ಗೆಗೆ ಹೋದೆವು. ಪ್ರವಾಸಿಗರ ಮೋಟಾರುಗಳು ಇಲ್ಲಿಗೆ ಬರುವದು ಕಡಿಮೆ, ಬರುವವರೆಲ್ಲ ಹರಕೆಯವರೇ. 1675ರಲ್ಲಿ ದೇಹವಿಟ್ಟ ಅಮೀನುದ್ದೀನ ಅಲೀ ಆಲಾ ಎಂಬ ಸೂಫಿಯ ಸಮಾಧಿಯಿದು. ವಿಜಾಪುರದ ಸೂಫಿಗಳ ಪರಂಪರೆಯಲ್ಲಿ 'ಚಕ್ಕೀನಾಮಾ' ಎಂಬ ದಖನಿ ಪದ್ಯಗಳಿವೆ. ಹೆಂಗಸರು ಬೀಸುವಾಗ ಹಾಡಲೆಂದು ರಚಿಸಿದಂಥವು. ಬೀಸುಕಲ್ಲಿನ ಭಾಗಗಳನ್ನೇ ದೃಷ್ಟಾಂತ ಮಾಡಿಕೊಂಡು ದೇವರ ಮಾತು ಹೇಳುವ ರೀತಿ ಅವುಗಳದು. ನೂಲುವಾಗ ಹಾಡಲು 'ಚರಖಾನಾಮಾ' ಬೇರೆ. ಅರಮನೆಯಲ್ಲಿ ಪಾರಸಿ ನಡೆದಿರಲು ಅಡಿಗೆಮನೆಯ ಧರ್ಮಕ್ಕೆ ಮನೆಮಾತೇ ಬೇಕಾಯಿತು. ನಮ್ಮ ಗರತಿಯರ ಬೀಸುವ ಪದಗಳನ್ನು ಬಲ್ಲ ಯಾರಿಗಾದರೂ ಇದು ಪರಕೀಯವೆನಿಸಲಾರದು. ಗೋಡೆ ಬದಲಾಗಿದೆ, ಬೀಸುಕಲ್ಲು ಅದೇ.

ಎರಡು ಗಂಟೆಗೆ ವಿಜಾಪುರವನ್ನು ಬಿಟ್ಟು, ಹುನಗುಂದದ ಮೇಲಿಂದ ಸಂಜೆಗೆ ಮುದಗಲ್ಲನ್ನು ಮುಟ್ಟಿದೆವು. ಆದಿಲಶಾಹಿಯ ಕ್ರೈಸ್ತರನ್ನು ಕಾಣದೆ ಈ ದಿನವು ಪೂರ್ಣವಾಗದೆಂಬುದು ಮಾಸ್ತರರ ಅಭಿಪ್ರಾಯ. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬದ ಈ ಕೋಟೆಗಾಗಿ ವಿಜಯನಗರದವರೂ ಬಹಮನಿಗಳೂ ಮೇಲಿಂದ ಮೇಲೆ ಹೊಡೆದಾಡಿದರು. ಕೋಟೆಯೊಳಗಿನ ಹುಸೇನಿ ಆಲಂ ದರ್ಗೆಯ ಮೊಹರಮ್ಮಿಗೆ ಎಲ್ಲ ಜಾತಿಯವರೂ ನೆರೆಯುವರು. ನಮ್ಮ ಕಡೆಗೂ ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿ ಅಲಾಯಿ ದೇವರನ್ನು ಕೂಡ್ರಿಸಿ, ಲಾಡಿ ಕಟ್ಟಿಕೊಂಡು, ಚೊಂಗ್ಯ ಮಾಡುವದುಂಟಷ್ಟೆ. ಅದೇ ಊರಲ್ಲಿ ರೋಮನ್ ಕ್ಯಾಥೋಲಿಕರ ಹಳೆಯ ದೇವಾಲಯವೂ ಇದೆ. ಗೋವೆಯಿಂದ ಬಂದ ಜೆಸುಯಿಟ್ ಪಾದ್ರಿಗಳು ಇದನ್ನು 1557ಕ್ಕೂ ಮುಂಚೆ ಕಟ್ಟಿಸಿದರೆಂದು ಹಳೆಯ ಗ್ಯಾಝೆಟಿಯರಿನ ಹೇಳಿಕೆ. ಹಾಗಿದ್ದರೆ ವಿಜಾಪುರದ ಜುಮ್ಮಾ ಮಸೀದಿಗಿಂತ ಇದೇ ಹಿರಿಯದಾಯಿತು! 1510ರಲ್ಲಿ ಗೋವೆಯನ್ನು ಕಸಿದುಕೊಂಡ ಪೋರ್ತುಗೀಜರ ಧರ್ಮಕ್ಕೆ ಆದಿಲಶಾಹಿಯ ಸೀಮೆಯಲ್ಲಿ ನೆಲೆ ದೊರೆತದ್ದು ಗಮನಿಸತಕ್ಕ ಸಂಗತಿ. 1960ರ ದಶಕದ ವ್ಯಾಟಿಕನ್ ಸಭೆಯ ತರುವಾಯ ಕ್ಯಾಥೋಲಿಕರ ಪೂಜೆ ಲ್ಯಾಟಿನ್ ಬಿಟ್ಟು ದೇಶಭಾಷೆಗಳಿಗೆ ಬಂದಿತು. ಅಂದು ಸಂಜೆ ನಾವು ಕೇಳಿದ ಪ್ರಾರ್ಥನೆ ಕನ್ನಡದ್ದೇ.

ನರಗುಂದದ ಬಾಬಾಸಾಹೇಬರ 1858ರ ಬಲಿದಾನವನ್ನು ನಮ್ಮ ಮಕ್ಕಳು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲರು. ಏಕೆಂದರೆ ಹೇಳುವವರು ಮನೆಮನೆಗೆ ಇದ್ದರು. ವಿಜಾಪುರಕ್ಕೆ ಅಂಥವರನ್ನು ಸಿದ್ಧಪಡಿಸಬೇಕಾಗಿದೆ. ಮಾಸ್ತರರು ತಮ್ಮ ಕೈಬರಹದ ಎರಡು ವಹಿಗಳನ್ನು ಕೊಡಲು ಒಪ್ಪಿರುವರು. ಅದರಿಂದ ಒಂದು ಸಣ್ಣ ಕೈಪಿಡಿಯನ್ನು ತೆಗೆದು, ನಮ್ಮ ಮುದ್ರಣಾಲಯದಲ್ಲಿ ಮಜೂರಿಯಿಲ್ಲದೆ ಅಚ್ಚು ಹಾಕಿ, ಮೂರೂ ತಾಲೂಕುಗಳ ಶಾಲೆಗಳಿಗೆ ಹಂಚಲು ಮನಸ್ಸು ಮಾಡಿದ್ದೇವೆ. ಕಾಗದದ ಖರ್ಚನ್ನು ವಕೀಲರು ತಾವಾಗಿಯೇ ವಹಿಸಿಕೊಂಡಿರುವರು. ಮುಂದಿನ ಪ್ರವಾಸದಲ್ಲಿ ಮಾಸ್ತರರೊಡನೆ ನಡೆದು ಕಲಿಯಲಿಚ್ಛಿಸುವ ಶಿಕ್ಷಕರು ತಮ್ಮ ಹೆಸರು, ಶಾಲೆಗಳನ್ನು ಕಚೇರಿಗೆ ಬರೆದು ತಿಳಿಸಬೇಕು. ಮೋಟಾರಿನಲ್ಲಿ ಹತ್ತು ಜನರಿಗೆ ಸ್ಥಳವಿದೆ.