ಉದ್ದ ಹೆಸರಿನ ಪುಟ್ಟ ಊರು

ವಿದ್ಯಾರ್ಥಿ ಮಿತ್ರರೇ, ಮುಂದೆ ಓದುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲು ತೆಗೆದುಕೊಳ್ಳಿ. ನಾನು ಒಂದು ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳುತ್ತ ಹೋಗುತ್ತೇನೆ, ನೀವು ಬರೆದುಕೊಳ್ಳಿ. ಎಂ, ಯು, ಸಿ, ಕೆ, ಎ, ಎನ್, ಎ, ಜಿ, ಎಚ್, ಇ, ಡಿ, ಇ, ಆರ್, ಡಿ, ಎ, ಯು, ಎಚ್, ಎ, ಯು, ಎಲ್, ಐ, ಎ. ಆಯಿತೆ? ಒಟ್ಟು 22 ಅಕ್ಷರಗಳು. ನಡುವೆ ಎಲ್ಲಿಯೂ ಜಾಗ ಬಿಡುವಂತಿಲ್ಲ. ಈಗ ಒಂದೇ ಉಸಿರಿಗೆ ಓದಿ ನೋಡೋಣ!

ತಡವರಿಸಿದಿರಾ? ನಾಚಿಕೆಪಡಬೇಕಾಗಿಲ್ಲ. ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರೂ ಈ ಹೆಸರಿನ ಮುಂದೆ ಎಡವುತ್ತಾರೆ. ಏಕೆಂದರೆ ಇದು ಇಂಗ್ಲಿಷ್ ವೇಷ ತೊಟ್ಟಿರುವ ಐರಿಷ್ ಭಾಷೆಯ ಹೆಸರು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ಕೌಂಟಿಯಲ್ಲಿ ಕನ್ನೆಮಾರಾ ಎಂಬ ಪ್ರದೇಶವಿದೆ. ಕಲ್ಲುಬಂಡೆ, ಜೌಗುನೆಲ, ನೆಲದೊಳಕ್ಕೆ ಬೆರಳು ಚಾಚಿದಂತೆ ನುಗ್ಗಿರುವ ಅಟ್ಲಾಂಟಿಕ್ ಸಾಗರ — ಇದು ಅಲ್ಲಿನ ನೋಟ. ಆ ಬೆರಳುಗಳ ನಡುವೆ ಸಿಕ್ಕಿಕೊಂಡಿರುವ ಒಂದು ಪುಟ್ಟ ಹಳ್ಳಿಯ ಹೆಸರಿದು. ಐರ್ಲೆಂಡಿನ ಊರುಗಳ ಪೈಕಿ ಅತಿ ಉದ್ದದ ಒಂಟಿಪದದ ಹೆಸರು ಎಂಬ ಖ್ಯಾತಿ ಇದಕ್ಕೆ. ಊರಿಗಿಂತ ಊರಿನ ಫಲಕವೇ ದೊಡ್ಡದು ಎಂದು ಯಾರಾದರೂ ತಮಾಷೆ ಮಾಡಿದರೆ ಊರಿನವರು ಬೇಸರಿಸಲಾರರು.

ಈಗ ವೇಷ ಕಳಚೋಣ. ಐರಿಷ್ ಭಾಷೆಯಲ್ಲಿ ಇದು ನಾಲ್ಕು ಬಿಡಿ ಪದಗಳು. ಕನ್ನಡದಲ್ಲಿ ಹತ್ತಿರ ಹತ್ತಿರವಾಗಿ ಬರೆಯುವುದಾದರೆ 'ಮುಕ್ಯನಖ್ ಇದಿರ್ ಘಾ ಹಾಲ್ಯ'. ಇದಿರ್ ಎಂದೊಡನೆ ನಮ್ಮ 'ಇದಿರು' ಎಂದೂ, ಹಾಲ್ಯ ಎಂದೊಡನೆ ನಮ್ಮ 'ಹಾಲು' ಎಂದೂ ಹಿಗ್ಗಬೇಡಿ! ಕಿವಿಗೆ ಒಂದೇ ಎನಿಸಿದ್ದೆಲ್ಲ ನೆಂಟಸ್ತಿಕೆಯಲ್ಲ. ಮೊದಲ ಪದದೊಳಗಿರುವ 'ಮುಕ್' ಎಂದರೆ ಹಂದಿ. ಮುಕ್ಯನಖ್ ಎಂದರೆ ಹಂದಿಗಳ ತಾಣ ಎಂದು ಕೆಲವರು, ಹಂದಿಯ ಬೆನ್ನಿನಂತೆ ಉಬ್ಬಿದ ದಿಬ್ಬ ಎಂದು ಕೆಲವರು ಅರ್ಥ ಹೇಳುತ್ತಾರೆ. 'ಇದಿರ್' ಎಂದರೆ ನಡುವೆ, 'ಘಾ' ಎಂದರೆ ಎರಡು, 'ಹಾಲ್ಯ' ಎಂದರೆ ಉಪ್ಪುನೀರು. ಒಟ್ಟಿನಲ್ಲಿ 'ಎರಡು ಉಪ್ಪುನೀರುಗಳ ನಡುವಿನ ಹಂದಿದಿಬ್ಬ'. ನಕ್ಕಿರಲ್ಲವೇ? ಆದರೆ ಒಂದು ಮಾತು ಗಮನಿಸಿ. ನೀವು ನೋಡಿರದ ಊರಿನ ನಕ್ಷೆ ಈಗ ನಿಮ್ಮ ಕಣ್ಣ ಮುಂದಿದೆ. ಆ ಹೆಸರು ಭೂಗೋಳದ ಒಂದು ವರದಿ.

ಅಂದಹಾಗೆ ನಿಜವಾದ ನೆಂಟಸ್ತಿಕೆಯೂ ಇಲ್ಲದಿಲ್ಲ. 'ಇದಿರ್' ಪದ ಸಂಸ್ಕೃತದ 'ಅಂತರ್'ಗೂ, 'ಘಾ' ಪದ 'ದ್ವಿ'ಗೂ ದೂರದ ದಾಯಾದಿಗಳು. ಐರಿಷ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದ ಎರಡು ಕವಲುಗಳು.

ಹಾಗಾದರೆ ತೊಡಕು ಎಲ್ಲಿಯದು? ನಿಘಂಟಿನಲ್ಲಿ ಉಪ್ಪುನೀರಿಗೆ ಇರುವ ಪದ 'ಸಾಲ್ಯ'. ಅದು 'ಹಾಲ್ಯ' ಆದದ್ದು ಐರಿಷ್ ವ್ಯಾಕರಣದ ಒಂದು ನಿಯಮದಿಂದ. ಹಿಂದೆ 'ಎರಡು' ಎಂಬ ಪದ ಬಂದರೆ ಮುಂದಿನ ಪದದ ಮೊದಲ ವ್ಯಂಜನ ಮೆತ್ತಗಾಗುತ್ತದೆ. ಇದು ನಿಮಗೆ ವಿಚಿತ್ರ ಎನಿಸಬಾರದು. ಮಳೆ ಮತ್ತು ಕಾಲ ಸೇರಿದರೆ ನಾವು 'ಮಳೆಗಾಲ' ಎನ್ನುವುದಿಲ್ಲವೇ? ಆದೇಶ ಸಂಧಿ ಎಂದು ನೀವು ಪರೀಕ್ಷೆಯಲ್ಲಿ ಬರೆದಿರುತ್ತೀರಿ. 'ಗಾಲ' ಎಂಬ ಪದವನ್ನು ಹೊರಗಿನವನೊಬ್ಬ ನಿಘಂಟಿನಲ್ಲಿ ಹುಡುಕಿದರೆ ಅವನಿಗೆ 'ಕಾಲ' ಸಿಕ್ಕೀತೆ? ಐರಿಷ್ ಬರವಣಿಗೆಯಲ್ಲಿ ಮೂಲದ 'ಎಸ್' ಅಕ್ಷರವನ್ನು ಉಳಿಸಿಕೊಂಡು, ಪಕ್ಕದಲ್ಲಿ 'ಎಚ್' ಸೇರಿಸಿ, ಓದುವಾಗ 'ಹ' ಎನ್ನುತ್ತಾರೆ. ಹೀಗಾಗಿ ಮೂಲಪದದ ಗುರುತು ಅಳಿಯುವುದಿಲ್ಲ. ಇಂಗ್ಲಿಷ್ ಬರಹದಲ್ಲಿ 'ಎಸ್' ಮಾಯವಾಗಿ ಬರೀ 'ಎಚ್' ಉಳಿಯಿತು. ಸದ್ದು ಉಳಿಯಿತು, ಸಮುದ್ರ ಕಾಣೆಯಾಯಿತು!

ಐರ್ಲೆಂಡಿನ ಹೆಸರುಗಳಿಗೆ ಇಂಥ ಇಂಗ್ಲಿಷ್ ರೂಪಗಳು ಶತಮಾನಗಳಿಂದ ಬಳಕೆಯಲ್ಲಿದ್ದವು. ಅವನ್ನು ಅಚ್ಚಿನಲ್ಲಿ ಗಟ್ಟಿಮಾಡಿದ್ದು ಬ್ರಿಟಿಷ್ ಆಳ್ವಿಕೆಯ ಭೂಮಾಪನ ಇಲಾಖೆ. ತೆರಿಗೆಗಾಗಿ ಭೂಮಿಯ ಮೌಲ್ಯ ಕಟ್ಟಲು 1824ರಿಂದ 1846ರವರೆಗೆ ಇಡೀ ದ್ವೀಪವನ್ನು ಮೈಲಿಗೆ 6 ಅಂಗುಲದ ಪ್ರಮಾಣದಲ್ಲಿ ನಕ್ಷೆಗಿಳಿಸಲಾಯಿತು. 60,000ಕ್ಕೂ ಹೆಚ್ಚು ಚಿಕ್ಕ ಹಳ್ಳಿಘಟಕಗಳು, ಅಷ್ಟೇ ಹೆಸರುಗಳು!

ಆ ಮಾಪನದ ನಿಖರತೆ ಬೆರಗು ಹುಟ್ಟಿಸುವಂಥದು. ಬಿಸಿಲಿಗೆ ಲೋಹದ ಅಳತೆಕೋಲು ಹಿಗ್ಗುತ್ತದೆ ಎಂದು ನಿಮಗೆ ಗೊತ್ತು. ಅಧಿಕಾರಿ ಥಾಮಸ್ ಕಾಲ್ಬಿ ಇದಕ್ಕೊಂದು ಉಪಾಯ ಹೂಡಿದರು. ಒಂದು ಕಬ್ಬಿಣದ ಕೋಲು, ಒಂದು ಹಿತ್ತಾಳೆಯ ಕೋಲು. ಎರಡನ್ನೂ ಅಕ್ಕಪಕ್ಕ ಇಟ್ಟು ನಡುವೆ ಬಂಧಿಸಿ, ತುದಿಗಳಲ್ಲಿ ಅಡ್ಡಪಟ್ಟಿ ಜೋಡಿಸಿದರು. ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಕಡಿಮೆ. ಆದ್ದರಿಂದ ಅಡ್ಡಪಟ್ಟಿ ಓರೆಯಾಗುತ್ತದೆ. ಆದರೆ ಅದರ ಚಾಚಿದ ತುದಿಯಲ್ಲಿ ಗುರುತಿಸಿದ ಒಂದು ಚುಕ್ಕಿ ಮಾತ್ರ ಇದ್ದಲ್ಲೇ ಇರುತ್ತದೆ. ಈ ಕೋಲುಗಳಿಂದ 1827-28ರಲ್ಲಿ ಲಾಖ್ ಫಾಯ್ಲ್ ಕೊಲ್ಲಿಯ ದಡದಲ್ಲಿ ಸುಮಾರು 8 ಮೈಲಿಯ ಆಧಾರರೇಖೆಯನ್ನು ಅಳೆದರು. 1960ರಲ್ಲಿ ಹೊಸ ಉಪಕರಣದಿಂದ ಮತ್ತೆ ಅಳೆದಾಗ ಕಂಡ ವ್ಯತ್ಯಾಸ ಸುಮಾರು ಒಂದು ಅಂಗುಲ! ಇದೇ ಬಗೆಯ ಕೋಲುಗಳಿಂದ ನಮ್ಮ ಬೀದರಿನಲ್ಲಿ 1841ರಲ್ಲೂ ಬೆಂಗಳೂರಿನಲ್ಲಿ 1868ರಲ್ಲೂ ಆಧಾರರೇಖೆಗಳನ್ನು ಅಳೆಯಲಾಯಿತು.

ನೆಲಕ್ಕೆ ಇಂಥ ಕೋಲಿತ್ತು, ಹೆಸರಿಗೆ ಇರಲಿಲ್ಲ. ಒಂದೇ ಊರನ್ನು ಜಮೀನುದಾರ ಒಂದು ಬಗೆಯಾಗಿ, ಪಾದ್ರಿ ಇನ್ನೊಂದು ಬಗೆಯಾಗಿ ಬರೆಯುತ್ತಿದ್ದರು. 1830ರಲ್ಲಿ ಇಲಾಖೆಗೆ ಸೇರಿದ ವಿದ್ವಾಂಸ ಜಾನ್ ಓಡೊನೊವನ್ ಊರೂರು ಸುತ್ತಿ, ಹಿರಿಯರ ಬಾಯಿಂದ ಉಚ್ಚಾರ ಕೇಳಿ, ಹಳೆಯ ಹಸ್ತಪ್ರತಿಗಳೊಡನೆ ಹೋಲಿಸಿ, ಐರಿಷ್ ರೂಪವನ್ನೂ ಟಿಪ್ಪಣಿ ಪುಸ್ತಕಗಳಲ್ಲಿ ದಾಖಲಿಸಿದರು. ದೊಡ್ಡ ಕೆಲಸ. ಆದರೂ ನಕ್ಷೆಯಲ್ಲಿ ಅಚ್ಚಾದದ್ದು ಇಂಗ್ಲಿಷ್ ರೂಪವೇ. ನಾನು ಅವರನ್ನು ದೂರಲಾರೆ. ಕಾರ್ಯಕ್ರಮದ ವಾಚಕರಿಗಾಗಿ ಪರದೇಶದ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಡುವುದು ನನ್ನ ಕಸುಬಿನ ಭಾಗ. ಕೇಳಿಸಿದಂತೆ ಬರೆಯುವಾಗ ನನ್ನ ಕೈಯಿಂದ ಎಷ್ಟು ಸಮುದ್ರಗಳು ಕಾಣೆಯಾಗಿವೆಯೋ!

ಹೀಗೆ ಹುಟ್ಟಿದ ತಮಾಷೆಗಳು ಹಲವು. ಐರಿಷ್‌ನಲ್ಲಿ 'ಕಿಲ್' ಎಂದರೆ ಚರ್ಚು. ಕಿಲ್ಡೇರ್ ಎಂದರೆ ಓಕ್ ಮರದ ಚರ್ಚು. ಅದೇ ಕಿಲ್ಡೇರ್ ಕೌಂಟಿಯಲ್ಲಿ ಒಂದು ಹಳ್ಳಿಯ ಹೆಸರು ಬರೀ 'ಕಿಲ್'. ಇಂಗ್ಲಿಷ್ ಮಾತ್ರ ಬಲ್ಲವನು ಆ ಫಲಕ ನೋಡಿದರೆ ಗಾಡಿ ತಿರುಗಿಸಿಯಾನು!

ಕೊನೆಗೆ ನಮ್ಮ ಹಂದಿದಿಬ್ಬ ಏನಾಯಿತು? ಅದು ಐರಿಷ್ ಆಡುನುಡಿಯಾಗಿರುವ ಪ್ರದೇಶದಲ್ಲಿದೆ. 2005ರ ಮಾರ್ಚ್ 28ರಿಂದ ಅಂಥ ಪ್ರದೇಶಗಳಲ್ಲಿ ಐರಿಷ್ ಹೆಸರಿಗೆ ಮಾತ್ರ ಕಾನೂನಿನ ಮಾನ್ಯತೆ ಎಂಬ ಆದೇಶ ಜಾರಿಗೆ ಬಂತು. 22 ಅಕ್ಷರಗಳ ಒಂಟಿಪದ ಮತ್ತೆ ನಾಲ್ಕು ಪದಗಳಾಯಿತು. ದಾಖಲೆ ಹೋಯಿತು, ಅರ್ಥ ಮರಳಿತು.

ಎಲ್ಲರೂ ಸಂತೋಷಪಟ್ಟರೆಂದು ತಿಳಿಯಬೇಡಿ. ಕೆರ್ರಿ ಕೌಂಟಿಯ ಡಿಂಗಲ್ ಪ್ರವಾಸಿಗರ ಊರು. ಫಲಕದಲ್ಲಿ 'ಡಿಂಗಲ್' ಕಾಣದಿದ್ದರೆ ಗಿರಾಕಿಗಳು ದಾರಿ ತಪ್ಪುತ್ತಾರೆಂದು ಅಲ್ಲಿನವರು ಪ್ರತಿಭಟಿಸಿದರು. 2006ರಲ್ಲಿ ಮತ ಹಾಕಿ ಎರಡೂ ಭಾಷೆಯ ಹೆಸರು ಬೇಕೆಂದರು. 2011ರ ಕಾಯಿದೆ ಅದಕ್ಕೆ ಒಪ್ಪಿತು. ಹೆಸರು ಯಾರಿಗಾಗಿ, ಇರುವವರಿಗೋ ಬರುವವರಿಗೋ? ಉತ್ತರ ಸುಲಭವಲ್ಲ. ನಮ್ಮಲ್ಲೂ 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಸೇರಿ 12 ಊರುಗಳ ಇಂಗ್ಲಿಷ್ ರೂಪ ಬದಲಾದಾಗ ಇಂಥದೇ ಚರ್ಚೆ ನಡೆಯಿತು. ಕನ್ನಡದಲ್ಲಿ ಮಾತ್ರ ಅವು ಇದ್ದಂತೆಯೇ ಇದ್ದವು.

ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮುಂದಿನ ರಜೆಯಲ್ಲಿ ನಿಮ್ಮ ಊರಿನ ಹಿರಿಯರ ಬಳಿ ಕುಳಿತು ಅಲ್ಲಿನ ಹೊಲ, ಹಳ್ಳ, ದಿಬ್ಬಗಳ ಹೆಸರು ಕೇಳಿ. ಅವರು ಹೇಳಿದಂತೆಯೇ ಬರೆದುಕೊಳ್ಳಿ. ಏಕೆ ಆ ಹೆಸರು ಬಂತೆಂದೂ ಕೇಳಿ, ಆದರೆ ನೀವೇ ಊಹಿಸಿ ಕಥೆ ಕಟ್ಟಬೇಡಿ. ಓಡೊನೊವನ್ ಮಾಡಿದ್ದೂ ಇದನ್ನೇ. ಅವರು ಅಂದು ಬರೆದಿಟ್ಟುದರಿಂದಲೇ ಹಲವು ಊರುಗಳ ಹೆಸರಿನ ಅರ್ಥ ಇಂದಿಗೂ ಉಳಿದಿದೆ.